ಕನ್ವೇಯರ್ ಬೆಲ್ಟನ್ನು ಆರಿಸುವ ಬಗೆ

ಹಿಟ್ಟಿನ ಗಿರಣಿಗೆ ಹೋದವರೆಲ್ಲರೂ ಮೋಟಾರಿಗೂ ಬೀಸುವ ಕಲ್ಲಿಗೂ ನಡುವೆ ಓಡುವ ಬೆಲ್ಟನ್ನು ಕಂಡಿರುವರು. ಅದು ಚಕ್ರದ ಮೇಲೆ ಜಾರತೊಡಗಿದಾಗ ಗಿರಣಿಯವನು ಅದಕ್ಕೆ ರಾಳವನ್ನು ಸವರುವುದನ್ನೂ ಕೆಲವರು ಗಮನಿಸಿರಬಹುದು. ಆ ಬೆಲ್ಟಿನ ಕೆಲಸವು ಶಕ್ತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು ಮಾತ್ರ. ಅದನ್ನೇ ಅಗಲವಾಗಿಯೂ ಉದ್ದವಾಗಿಯೂ ಮಾಡಿ, ಅದರ ಬೆನ್ನಿನ ಮೇಲೆ ಕಲ್ಲು, ಕಲ್ಲಿದ್ದಲು, ಅದಿರು ಮುಂತಾದುವನ್ನು ಹೇರಿದರೆ ಅದು ಕನ್ವೇಯರ್ ಬೆಲ್ಟು, ಅಂದರೆ ಸಾಗಣೆಯ ಬೆಲ್ಟು, ಆಗುವುದು.

ಅಮೆರಿಕೆಯ ಥಾಮಸ್ ರಾಬಿನ್ಸ್ ಎಂಬಾತನು ಎಡಿಸನ್ನನ ಅದಿರಿನ ಕಾರ್ಖಾನೆಗಾಗಿ ಇಂತಹ ಬೆಲ್ಟುಗಳನ್ನು ಸುಧಾರಿಸಲು ತೊಡಗಿದುದು 1891ರಲ್ಲಿ. ಇಂದು ಪಶ್ಚಿಮ ಸಹಾರಾದ ಬೂ ಕ್ರಾ ಗಣಿಯ ಫಾಸ್ಫೇಟು ಸುಮಾರು 100 ಕಿಲೋಮೀಟರು ದೂರದ ಕಡಲತೀರಕ್ಕೆ ಒಂದರ ಮುಂದೊಂದು ಜೋಡಿಸಿದ ಬೆಲ್ಟುಗಳ ಮೇಲೆಯೇ ಸಾಗುತ್ತದೆ. ಮೇಘಾಲಯದ ಸುಣ್ಣಕಲ್ಲು ಸುಮಾರು 17 ಕಿಲೋಮೀಟರು ಉದ್ದದ ಬೆಲ್ಟಿನ ಮೇಲೆ ದೇಶದ ಗಡಿಯನ್ನೇ ದಾಟಿ ಬಾಂಗ್ಲಾದೇಶದ ಸಿಮೆಂಟು ಕಾರ್ಖಾನೆಯನ್ನು ಸೇರುತ್ತದೆ. ನಮ್ಮ ಸಂಡೂರಿನ ಕಬ್ಬಿಣದ ಅದಿರು ಕೊಳವೆಯಂತೆ ಸುರುಳಿಯಾಗುವ ಬೆಲ್ಟಿನೊಳಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬರುತ್ತದೆ.

ಇಂದು ಕಾಲೇಜಿನಲ್ಲಿ ಓದುತ್ತಿರುವ ಕೆಲವರಾದರೂ ಮುಂದೆ ಇಂತಹ ಬೆಲ್ಟನ್ನು ಕೊಳ್ಳುವ ಕಾಗದಕ್ಕೆ ಸಹಿ ಹಾಕಬೇಕಾಗಬಹುದು. ಆಗ ಮೇಜಿನ ಮೇಲೆ ಬೇರೆ ಬೇರೆ ಬೆಲೆಯ ನಾಲ್ಕಾರು ದರಪತ್ರಗಳಿರುವುವು. ಯಾವುದನ್ನು ಒಪ್ಪಬೇಕು? ಈ ಪ್ರಶ್ನೆಗೆ ಉತ್ತರ ಕೊಡಲು ಇಂಟರ್‌ಮೀಡಿಯೆಟ್ ತರಗತಿಯಷ್ಟರ ಭೌತವಿಜ್ಞಾನವೇ ಬಹುಮಟ್ಟಿಗೆ ಸಾಕೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುವೆವು.

ಏನನ್ನು ಸಾಗಿಸಬೇಕು, ಎಷ್ಟನ್ನು ಸಾಗಿಸಬೇಕು?

ಕಲಬುರಗಿ ಜಿಲ್ಲೆಯ ವಾಡಿಯಲ್ಲಿರುವಂತಹ ಒಂದು ಸಿಮೆಂಟು ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಗಂಟೆಗೆ 500 ಟನ್ನು ಒಡೆದ ಸುಣ್ಣಕಲ್ಲನ್ನು 400 ಮೀಟರು ದೂರಕ್ಕೂ 40 ಮೀಟರು ಎತ್ತರಕ್ಕೂ ಸಾಗಿಸಬೇಕೆಂದು ಇಟ್ಟುಕೊಳ್ಳೋಣ. ಏರಿನ ಕೋನವು ಸುಮಾರು 6 ಡಿಗ್ರಿ. ಒಡೆದ ಕಲ್ಲು ಸಾಧಾರಣ ಬೆಲ್ಟಿನ ಮೇಲೆ ಸುಮಾರು 18 ಡಿಗ್ರಿಯವರೆಗೂ ಹಿಂದಕ್ಕೆ ಉರುಳದೆ ನಿಲ್ಲುವುದಾದುದರಿಂದ ಈ ವಿಷಯದಲ್ಲಿ ಚಿಂತೆಯಿಲ್ಲ.

ಒಡೆದ ಸುಣ್ಣಕಲ್ಲನ್ನು ರಾಶಿ ಹಾಕಿದಾಗ ಒಂದು ಘನಮೀಟರಿಗೆ ಸುಮಾರು 1.5 ಟನ್ನು ತೂಗುವುದು. ಆದುದರಿಂದ ಗಂಟೆಗೆ ಸಾಗಬೇಕಾದ ಗಾತ್ರವು ಸುಮಾರು 333 ಘನಮೀಟರು. ಬೆಲ್ಟಿನ ವೇಗವು ಸೆಕೆಂಡಿಗೆ 1.6 ಮೀಟರಾದರೆ, ಗಂಟೆಗೆ 5760 ಮೀಟರು ಬೆಲ್ಟು ನಮ್ಮ ಮುಂದೆ ಹಾದುಹೋಗುವುದು. 333ನ್ನು 5760ರಿಂದ ಭಾಗಿಸಿದರೆ ಬೆಲ್ಟಿನ ಮೇಲಿನ ಕಲ್ಲಿನ ಅಡ್ಡಕೊಯ್ತದ ವಿಸ್ತೀರ್ಣವು ಸುಮಾರು 0.058 ಚದರ ಮೀಟರೆಂದು ದೊರೆಯುವುದು.

ಬೆಲ್ಟು ಚಪ್ಪಟೆಯಾಗಿದ್ದರೆ ಕಲ್ಲು ಪಕ್ಕಕ್ಕೆ ಚೆಲ್ಲುವುದು. ಅದಕ್ಕಾಗಿ ಕೆಳಗಿನ ರೋಲರುಗಳಲ್ಲಿ ನಡುವಿನದನ್ನು ಮಟ್ಟವಾಗಿಯೂ ಎರಡು ಪಕ್ಕದವನ್ನು 35 ಡಿಗ್ರಿ ಓರೆಯಾಗಿಯೂ ಇಟ್ಟು ಬೆಲ್ಟನ್ನು ದೋಣಿಯಂತೆ ಬಾಗಿಸುವರು. ಹೀಗೆ ಬಾಗಿದ 800 ಮಿಲಿಮೀಟರು ಅಗಲದ ಬೆಲ್ಟು ಸುಮಾರು 0.08 ಚದರ ಮೀಟರು ಅಡ್ಡಕೊಯ್ತದ ಕಲ್ಲನ್ನು ಹೊರಬಲ್ಲುದು. ನಮ್ಮ ಹೊರೆಯು ಅದರ ಮುಕ್ಕಾಲು ಪಾಲಿಗಿಂತ ಸ್ವಲ್ಪ ಕಡಮೆ. ಒಡೆಯುವ ಯಂತ್ರವು ಒಮ್ಮೊಮ್ಮೆ ಹೆಚ್ಚಾಗಿ ಸುರಿದರೂ ಚೆಲ್ಲದಿರಲು ಇಷ್ಟು ಎಡೆಯಿರುವುದು ಒಳ್ಳೆಯದು.

ಎಳೆಯಲು ಎಷ್ಟು ಬಲ ಬೇಕು?

ಗಂಟೆಗೆ 500 ಟನ್ನೆಂದರೆ ಸೆಕೆಂಡಿಗೆ ಸುಮಾರು 139 ಕಿಲೋಗ್ರಾಂ. ಇದನ್ನು 1.6ರಿಂದ ಭಾಗಿಸಿದರೆ ಬೆಲ್ಟಿನ ಪ್ರತಿ ಮೀಟರಿನ ಮೇಲೂ ಸುಮಾರು 87 ಕಿಲೋಗ್ರಾಂ ಕಲ್ಲಿರುವುದೆಂದು ತಿಳಿಯುವುದು. ಇದನ್ನು 40 ಮೀಟರು ಮೇಲೇರಿಸಲು ಬೇಕಾದ ಎಳೆತವು 87, 9.81, 40 ಈ ಮೂರರ ಗುಣಲಬ್ಧ. ಅಂದರೆ ಸುಮಾರು 34,000 ನ್ಯೂಟನ್. ಮೇಲೇರುವ ಬೆಲ್ಟಿನ ತೂಕವನ್ನು ಕೆಳಗಿಳಿಯುವ ಬೆಲ್ಟಿನ ತೂಕವು ಸರಿದೂಗಿಸುವುದರಿಂದ ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಇದಲ್ಲದೆ ರೋಲರುಗಳು ಉರುಳುವಾಗಲೂ ಬೆಲ್ಟು ಅವುಗಳ ಮೇಲೆ ಬಾಗಿ ನೆಟ್ಟಗಾಗುವಾಗಲೂ ತಡೆಯುಂಟಾಗುವುದು. ಈ ತಡೆಯು ಚಲಿಸುವ ಎಲ್ಲ ವಸ್ತುಗಳ ತೂಕದ ಸುಮಾರು ನೂರಕ್ಕೆ ಎರಡು ಪಾಲಿನಷ್ಟಿರುವುದೆಂದು ಅನುಭವದಿಂದ ಗೊತ್ತಾಗಿದೆ. ಕಲ್ಲು, ಹೋಗುವ ಮತ್ತು ಬರುವ ಬೆಲ್ಟು, ರೋಲರುಗಳ ತಿರುಗುವ ಭಾಗ ಇವೆಲ್ಲ ಸೇರಿ ಮೀಟರಿಗೆ 134 ಕಿಲೋಗ್ರಾಂ ಎಂದಿಟ್ಟುಕೊಂಡರೆ, 400 ಮೀಟರಿಗೆ ಈ ತಡೆಯು ಸುಮಾರು 10,500 ನ್ಯೂಟನ್. ಕಲ್ಲು ಸುರಿಯುವ ಜಾಗದ ಉಜ್ಜುವಿಕೆ, ಬೆಲ್ಟನ್ನು ಕೆರೆದು ಶುಚಿಮಾಡುವ ಅಲಗು ಮುಂತಾದುವಕ್ಕಾಗಿ ಇದರ ಕಾಲುಪಾಲನ್ನು ಸೇರಿಸಿದರೆ ಸುಮಾರು 13,000 ಆಗುವುದು. ಒಟ್ಟು ಎಳೆತ 47,000 ನ್ಯೂಟನ್. ಇದನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯವು ಸುಮಾರು 75 ಕಿಲೋವಾಟ್. ಗಿಯರುಗಳಲ್ಲಿ ಆಗುವ ನಷ್ಟವನ್ನು ಕೂಡಿಸಿಕೊಂಡು 90 ಕಿಲೋವಾಟಿನ ಮೋಟಾರನ್ನು ಆರಿಸಬಹುದು.

ಡ್ರಮ್ಮಿನ ಹಿಡಿತ

ಮೋಟಾರು ಬೆಲ್ಟನ್ನು ನೇರವಾಗಿ ಎಳೆಯುವುದಿಲ್ಲ. ಅದು ಡ್ರಮ್ಮನ್ನು ತಿರುಗಿಸುವುದು. ಡ್ರಮ್ಮು ಘರ್ಷಣೆಯ ಮೂಲಕ ಬೆಲ್ಟನ್ನು ಎಳೆಯುವುದು. ಕೊಬ್ಬಿದ ಹೋರಿಯನ್ನು ಹಿಡಿದ ರೈತನು ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ತುದಿಯನ್ನು ಒಂದೇ ಕೈಯಲ್ಲಿ ಹಿಡಿದು ನಿಲ್ಲಬಲ್ಲನು. ಹೋರಿಯ ಕಡೆಯ ಬಿಗಿತಕ್ಕೂ ರೈತನ ಕಡೆಯ ಬಿಗಿತಕ್ಕೂ ಇರಬಹುದಾದ ಅತ್ಯಧಿಕ ಪ್ರಮಾಣವು ಎರಡು ಸಂಗತಿಗಳನ್ನು ಮಾತ್ರ ಅವಲಂಬಿಸಿದೆ: ಘರ್ಷಣಾಂಕ ಮತ್ತು ಸುತ್ತಿದ ಕೋನ. ಈ ಎರಡನ್ನು ಗುಣಿಸಿ, ಆ ಗುಣಲಬ್ಧವನ್ನು 2.718 ಎಂಬ ಸಂಖ್ಯೆಯ ಘಾತವನ್ನಾಗಿ ಮಾಡಿದರೆ ಆ ಪ್ರಮಾಣವು ದೊರೆಯುವುದು. ಕೋನವನ್ನು ರೇಡಿಯನ್ನಿನಲ್ಲಿ ಹೇಳಬೇಕು. ಘರ್ಷಣಾಂಕ 0.3 ಆದರೆ, ಎರಡು ಸುತ್ತಿಗೆ ಇದು ಸುಮಾರು 43. ಹೋರಿಯ ಎಳೆತದ ನಲವತ್ತಮೂರನೆಯ ಒಂದು ಪಾಲು ರೈತನಿಗೆ ಸಾಕು!

ಡ್ರಮ್ಮಿನ ಸುತ್ತ ಬೆಲ್ಟು ಒಂದು ಪೂರ್ಣ ಸುತ್ತನ್ನೂ ಹಾಕಲಾರದು. ಒಂದು ಸಣ್ಣ ಡ್ರಮ್ಮಿನಿಂದ ಒತ್ತಿ 210 ಡಿಗ್ರಿ ಸುತ್ತಿಸಿದರೆ, ರಬ್ಬರು ಹೊದಿಸಿದ ಡ್ರಮ್ಮಿಗೆ ಘರ್ಷಣಾಂಕ 0.3 ಎಂದು ಹಿಡಿದಾಗ, ಪ್ರಮಾಣವು 3 ಆಗುವುದು. ಎರಡು ಕಡೆಯ ಬಿಗಿತಗಳ ವ್ಯತ್ಯಾಸವೇ ಎಳೆತ, ಅಂದರೆ 47 ಕಿಲೋನ್ಯೂಟನ್. ಆದುದರಿಂದ ಸಡಿಲ ಪಕ್ಕದ ಬಿಗಿತ 23.5, ಬಿಗಿ ಪಕ್ಕದ್ದು 70.5 ಕಿಲೋನ್ಯೂಟನ್.

ಈಗ ಹಣ ಉಳಿಸಲೆಂದು ರಬ್ಬರು ಹೊದಿಸದ ಬರಿಯ ಉಕ್ಕಿನ ಡ್ರಮ್ಮನ್ನು ಕೊಂಡೆವೆಂದು ಭಾವಿಸೋಣ. ಮಳೆಗಾಲದಲ್ಲಿ ಕೆಸರು ಮೆತ್ತಿದಾಗ ಘರ್ಷಣಾಂಕವು 0.1ಕ್ಕೆ ಇಳಿಯಬಹುದು. ಪ್ರಮಾಣವು ಆಗ 1.44 ಮಾತ್ರ. ಬೆಲ್ಟು ಜಾರದಿರಬೇಕಾದರೆ ಸಡಿಲ ಪಕ್ಕದ ಬಿಗಿತವನ್ನು 106ಕ್ಕೂ, ಬಿಗಿ ಪಕ್ಕದ್ದನ್ನು 153 ಕಿಲೋನ್ಯೂಟನ್ನಿಗೂ ಏರಿಸಬೇಕು. ಸಾಗುವ ಕಲ್ಲು ಅಷ್ಟೇ, ಎಳೆತವೂ ಅಷ್ಟೇ. ಬೆಲ್ಟು ಮಾತ್ರ ಎರಡರಷ್ಟಕ್ಕಿಂತ ಹೆಚ್ಚು ಗಟ್ಟಿಯಾಗಿರಬೇಕಾಯಿತು. ಡ್ರಮ್ಮಿನಲ್ಲಿ ಉಳಿಸಿದ ಹಣವನ್ನು ಬೆಲ್ಟಿನಲ್ಲಿ ಕಳೆದುಕೊಳ್ಳುವುದೆಂದರೆ ಇದೇ.

ಬೆಲ್ಟಿನ ಒಡಲು ಮತ್ತು ಹೊದಿಕೆ

70.5 ಕಿಲೋನ್ಯೂಟನ್ ಬಿಗಿತವನ್ನು 800 ಮಿಲಿಮೀಟರು ಅಗಲಕ್ಕೆ ಹಂಚಿದರೆ, ಮಿಲಿಮೀಟರಿಗೆ ಸುಮಾರು 88 ನ್ಯೂಟನ್. ಮೋಟಾರು ಹೊರಡುವಾಗಿನ ಜಗ್ಗು, ಡ್ರಮ್ಮಿನ ಮೇಲೆ ಸಾವಿರಾರು ಸಲ ಬಾಗುವ ದಣಿವು, ತುದಿಗಳನ್ನು ಕೂಡಿಸಿದ ಬೆಸುಗೆಯ ದುರ್ಬಲತೆ ಇವೆಲ್ಲವನ್ನೂ ನೆನೆದು, ಬಟ್ಟೆಯ ಒಡಲಿನ ಬೆಲ್ಟಿಗೆ ಸುಮಾರು 10ರಷ್ಟು ಸುರಕ್ಷತಾಂಕವನ್ನು ಇಡುವುದು ವಾಡಿಕೆ. ಅಂದರೆ 880 ಬೇಕು; 1000ದ ದರ್ಜೆಯನ್ನು ಆರಿಸಬಹುದು. ಮಾರಾಟಗಾರರ ಪಟ್ಟಿಯಲ್ಲಿ ಇದು ‘ಇಪಿ 1000/4’ ಎಂದಿರುವುದು. ಉದ್ದನೆಯ ಎಳೆ ಪಾಲಿಯೆಸ್ಟರಿನದು, ಅಡ್ಡ ಎಳೆ ನೈಲಾನಿನದು, ಬಟ್ಟೆಯ ಪದರಗಳು ನಾಲ್ಕು, ಹರಿಯಲು ಬೇಕಾದ ಬಲವು ಮಿಲಿಮೀಟರಿಗೆ 1000 ನ್ಯೂಟನ್ ಎಂದು ಇದರ ಅರ್ಥ. ಬಿಗಿತವು ಬಹಳವಾದ ಉದ್ದನೆಯ ಸಾಲುಗಳಿಗೆ ಬಟ್ಟೆಯ ಬದಲು ಉಕ್ಕಿನ ಹುರಿಗಳನ್ನು ಹುದುಗಿಸಿದ ಬೆಲ್ಟು ಬೇಕಾಗುವುದು.

ಒಡಲು ಬಿಗಿತವನ್ನು ತಾಳುವುದು. ರಬ್ಬರಿನ ಹೊದಿಕೆ ಸವೆತವನ್ನು ತಾಳುವುದು. ಭಾರತೀಯ ಮಾನಕ 1891ರ ಮೊದಲನೆಯ ಭಾಗದಲ್ಲಿ ಹೊದಿಕೆಗೆ ಎಂ-24, ಎನ್-17 ಎಂಬ ದರ್ಜೆಗಳಿವೆ. ಚೂಪಾದ ಕಲ್ಲಿಗೆ ಮೊದಲನೆಯದು ತಕ್ಕುದು. ಬಿಸಿಯಾದ ಪದಾರ್ಥಕ್ಕೆ ಶಾಖವನ್ನು ತಾಳುವ, ಎಣ್ಣೆಯ ಪದಾರ್ಥಕ್ಕೆ ಎಣ್ಣೆಯಲ್ಲಿ ಉಬ್ಬದ ಹೊದಿಕೆಗಳು ಬೇರೆಯಾಗಿಯೇ ಇವೆ.

ಬೆಂಕಿ ಕಲಿಸಿದ ಪಾಠ

ಇಲ್ಲಿಯವರೆಗೆ ಹಣದ ಮಾತಾಯಿತು. ಬೆಲ್ಟಿನ ಆಯ್ಕೆಯಲ್ಲಿ ಪ್ರಾಣದ ಮಾತೂ ಇದೆ. 1950ನೆಯ ಸೆಪ್ಟೆಂಬರ್ 26ರ ಬೆಳಗಿನ ಜಾವ ಇಂಗ್ಲೆಂಡಿನ ಡಾರ್ಬಿಷೈರಿನ ಕ್ರೆಸ್‌ವೆಲ್ ಕಲ್ಲಿದ್ದಲ ಗಣಿಯಲ್ಲಿ, ಒಂದು ಬೆಲ್ಟಿನಿಂದ ಇನ್ನೊಂದಕ್ಕೆ ಕಲ್ಲಿದ್ದಲು ಬೀಳುವ ಜಾಗದಲ್ಲಿ, ಹರಿದ ರಬ್ಬರು ಬೆಲ್ಟು ಸಿಕ್ಕಿಕೊಂಡಿತು. ಘರ್ಷಣೆಯಿಂದ ಅದು ಕಾದು ಹತ್ತಿಕೊಂಡಿತು. ರಬ್ಬರಿನ ಬೆಂಕಿಯ ಹೊಗೆಯೂ ಕಾರ್ಬನ್ ಮಾನಾಕ್ಸೈಡೂ ಗಾಳಿಯ ದಾರಿಯಲ್ಲಿ ಹಬ್ಬಿ, ದೂರದಲ್ಲಿ ಕೆಲಸಮಾಡುತ್ತಿದ್ದ 80 ಮಂದಿ ಅಸುನೀಗಿದರು.

ಇದು ಹೇಗೆ ಸಾಧ್ಯವೆಂಬುದನ್ನು ನಮ್ಮ ಲೆಕ್ಕವೇ ಹೇಳುವುದು. ಬೆಲ್ಟು ಎಲ್ಲಿಯೋ ಸಿಕ್ಕಿ ನಿಂತು, ಡ್ರಮ್ಮು ಮಾತ್ರ ಅದರ ಕೆಳಗೆ ತಿರುಗುತ್ತಲೇ ಇದ್ದರೆ, ಘರ್ಷಣೆಯ ಬಲವನ್ನು ಜಾರುವ ವೇಗದಿಂದ ಗುಣಿಸಿದಷ್ಟು ಸಾಮರ್ಥ್ಯವು ಶಾಖವಾಗುವುದು. ಹಿಡಿತವು ಅರ್ಧಕ್ಕೆ ಇಳಿದಿದ್ದರೂ 37 ಕಿಲೋವಾಟಿನಷ್ಟು ಶಾಖವು ಒಂದು ಚಾಪೆಯಷ್ಟು ಜಾಗದಲ್ಲಿ ಹುಟ್ಟುವುದು. ಅಷ್ಟು ಜಾಗದಲ್ಲಿ ಮೂವತ್ತೇಳು ವಿದ್ಯುತ್ ಒಲೆಗಳನ್ನು ಒಟ್ಟಿಗೆ ಹೊತ್ತಿಸಿದಂತೆ.

ಈ ದುರಂತದ ಅನಂತರವೇ ಗಣಿಗಳಿಗೆ ಬೆಂಕಿಯನ್ನು ತಡೆಯುವ ಬೆಲ್ಟುಗಳು ಬಳಕೆಗೆ ಬಂದುವು. ನಮ್ಮ ದೇಶದಲ್ಲಿ ನೆಲದೊಳಗಿನ ಕಲ್ಲಿದ್ದಲ ಗಣಿಗಳ ಬೆಲ್ಟಿಗೆ ಭಾರತೀಯ ಮಾನಕ 3181 ಇದೆ. ನಿಂತ ಬೆಲ್ಟಿನ ತುಂಡನ್ನು ತಿರುಗುವ ಡ್ರಮ್ಮಿನ ಮೇಲೆ ಉಜ್ಜಿ ಪರೀಕ್ಷಿಸುವುದು ಇಂತಹ ಬೆಲ್ಟುಗಳ ಪರೀಕ್ಷೆಗಳಲ್ಲೊಂದು. ಆದರೂ ಬೆಲ್ಟೊಂದನ್ನೇ ನೆಚ್ಚಬಾರದು. 2006ನೆಯ ಜನವರಿಯಲ್ಲಿ ಅಮೆರಿಕೆಯ ಪಶ್ಚಿಮ ವರ್ಜೀನಿಯದ ಅರಕೋಮ ಆಲ್ಮ ಗಣಿಯಲ್ಲಿ, ಸಾಲು ತಪ್ಪಿದ ಬೆಲ್ಟಿನ ಉಜ್ಜುವಿಕೆಯಿಂದ ಹುಟ್ಟಿದ ಬೆಂಕಿ ಇಬ್ಬರನ್ನು ಬಲಿ ತೆಗೆದುಕೊಂಡಿತು.

ಒದಗಿಸುವವರನ್ನು ಆರಿಸುವುದು

ಈಗ ಮೇಜಿನ ಮೇಲಿನ ದರಪತ್ರಗಳಿಗೆ ಬರೋಣ. ನಾವು ಮೊದಲು ನೋಡಬೇಕಾದುದು ಅವರು ಹೇಳಿದ ಬೆಲೆಯನ್ನಲ್ಲ, ಅವರು ಕೇಳಿದ ಪ್ರಶ್ನೆಗಳನ್ನು. ಕಲ್ಲಿನ ಗಾತ್ರವೇನು, ತೇವವೆಷ್ಟು, ಎಷ್ಟು ಎತ್ತರದಿಂದ ಬೆಲ್ಟಿನ ಮೇಲೆ ಬೀಳುವುದು, ದಿನಕ್ಕೆ ಎಷ್ಟು ಗಂಟೆಯ ಕೆಲಸ ಎಂಬುದನ್ನು ಕೇಳದೆ ಬೆಲೆ ಬರೆದವರು ಬೆಲ್ಟನ್ನು ಮಾರಬಲ್ಲರೇ ಹೊರತು ಸಾಗಣೆಯ ವ್ಯವಸ್ಥೆಯನ್ನು ಒದಗಿಸಲಾರರು.

ಎರಡನೆಯದಾಗಿ, ಅವರು ತಮ್ಮ ಲೆಕ್ಕವನ್ನು ಕೊಡಬೇಕು. ಬೆಲ್ಟು ಕನ್ವೇಯರುಗಳ ಲೆಕ್ಕದ ಕ್ರಮವು ಭಾರತೀಯ ಮಾನಕ 11592ರಲ್ಲಿದೆ. ಎಳೆತ, ಎರಡು ಕಡೆಯ ಬಿಗಿತ, ಘರ್ಷಣಾಂಕ, ಸುರಕ್ಷತಾಂಕ ಇವನ್ನು ಬರೆದು ತೋರಿಸಲಿ. ‘ನಾಲ್ಕು ಪದರದ ದಪ್ಪ ಬೆಲ್ಟು’ ಎಂಬ ಮಾತು ಸಾಲದು; ಬಲದ ದರ್ಜೆ, ಹೊದಿಕೆಯ ದರ್ಜೆ, ಪರೀಕ್ಷೆಯ ಪ್ರಮಾಣಪತ್ರ ಮೂರೂ ಬೇಕು.

ಮೂರನೆಯದು ಬೆಸುಗೆ. ತುದಿಗಳನ್ನು ಲೋಹದ ಕೊಂಡಿಗಳಿಂದ ಬೇಗ ಕೂಡಿಸಬಹುದು. ಕಾಯಿಸಿ ಒತ್ತಿ ರಬ್ಬರನ್ನು ಒಂದಾಗಿಸುವುದು ನಿಧಾನವಾದರೂ ಹೆಚ್ಚು ಬಲವಾದುದು. ಈ ಕೆಲಸಬಲ್ಲವರು ಬೆಲ್ಟು ಹರಿದ ದಿನ ಎಷ್ಟು ಹೊತ್ತಿನಲ್ಲಿ ಬರುವರೆಂಬುದನ್ನು ಮೊದಲೇ ಬರೆಸಿಕೊಳ್ಳಬೇಕು. ನಮ್ಮ ಬೆಲ್ಟು ಒಂದು ದಿನ ನಿಂತರೆ 12,000 ಟನ್ನು ಕಲ್ಲು ನಿಲ್ಲುವುದು. ಬೆಲೆಯ ವ್ಯತ್ಯಾಸವನ್ನು ಈ ನಷ್ಟದೊಡನೆ ತೂಗಿ ನೋಡಬೇಕು.

ನಾಲ್ಕನೆಯದು ಕಾವಲಿನ ಉಪಕರಣಗಳು. ಬೆಲ್ಟಿನ ವೇಗ ತಗ್ಗಿದೊಡನೆ ಮೋಟಾರನ್ನು ನಿಲ್ಲಿಸುವ ಸ್ವಿಚ್ಚು, ಬೆಲ್ಟು ಪಕ್ಕಕ್ಕೆ ಸರಿದರೆ ನಿಲ್ಲಿಸುವ ಸ್ವಿಚ್ಚು, ಉದ್ದಕ್ಕೂ ಎಲ್ಲಿ ಎಳೆದರೂ ಯಂತ್ರವನ್ನು ನಿಲ್ಲಿಸುವ ಹಗ್ಗ, ಡ್ರಮ್ಮು ರೋಲರುಗಳ ನಡುವೆ ಕೈ ಸಿಕ್ಕದಂತೆ ತಡೆಯುವ ಬಲೆ ಇವು ಬೇಕು. ವಿದ್ಯುತ್ತು ಹೋದಾಗ 34,000 ನ್ಯೂಟನ್ ಕೆಳಗೆ ಎಳೆಯುವುದು, 13,000 ಮಾತ್ರ ತಡೆಯುವುದು. ಆದುದರಿಂದ ತುಂಬಿದ ಬೆಲ್ಟು ಹಿಂದಕ್ಕೆ ಓಡದಂತೆ ಹಿಡಿಯುವ ತಡೆಯೂ ಇರಲೇಬೇಕು. ದರವನ್ನು ಇಳಿಸುವ ಆತುರದಲ್ಲಿ ಮೊದಲು ಕೈಬಿಡುವುದು ಇವನ್ನೇ. ಇವನ್ನು ಬಿಟ್ಟು ಬರೆದ ಬೆಲೆಯು ಕಡಮೆ ಬೆಲೆಯಲ್ಲ. ಅದರ ಉಳಿದ ಪಾಲನ್ನು ಕೆಲಸಗಾರನು ತೆರಬೇಕಾಗಬಹುದು.

ಐದನೆಯದಾಗಿ, ಅವರು ಈ ಹಿಂದೆ ನಿಲ್ಲಿಸಿದ, ಇಂತಹುದೇ ಪದಾರ್ಥವನ್ನು ಸಾಗಿಸುವ ಒಂದು ಬೆಲ್ಟನ್ನು ಹೋಗಿ ನೋಡಬೇಕು, ಸಾಧ್ಯವಾದರೆ ಮಳೆಗಾಲದಲ್ಲಿ. ಅಲ್ಲಿಯ ಮ್ಯಾನೇಜರನ್ನು ಕೇಳುವುದರ ಜೊತೆಗೆ ಚೆಲ್ಲಿದ ಕಲ್ಲನ್ನು ಬಾಚುವವನನ್ನೂ ಕೇಳಬೇಕು.

ವಾಚಕರಿಗೆ ಒಂದು ಅಭ್ಯಾಸವನ್ನು ಸೂಚಿಸಿ ಮುಗಿಸುವೆವು. ಇದೇ ಕಲ್ಲು 40 ಮೀಟರು ಏರುವುದರ ಬದಲು ಬೆಟ್ಟದ ಮೇಲಿಂದ 40 ಮೀಟರು ಇಳಿಯಬೇಕಾಗಿದ್ದರೆ ಎಳೆತವೆಷ್ಟು? ಉತ್ತರವು ಋಣಸಂಖ್ಯೆಯಾಗಿ ಬರುವುದು. ಆಗ ಬೆಲ್ಟೇ ಮೋಟಾರನ್ನು ತಿರುಗಿಸಿ ಅದನ್ನು ಡೈನಮೋ ಆಗಿಸುವುದು. ಚಿಲಿ ದೇಶದ ಲಾಸ್ ಪೆಲಂಬ್ರೆಸ್ ತಾಮ್ರದ ಗಣಿಯಲ್ಲಿ ಇಳಿಯುವ ಬೆಲ್ಟುಗಳು ಹೀಗೆಯೇ ವಿದ್ಯುತ್ತನ್ನು ಉತ್ಪಾದಿಸುತ್ತವೆ. ಹಾಗಾದರೆ ಅಂತಹ ಬೆಲ್ಟಿಗೆ ಯಾವ ಉಪಕರಣವು ಎಲ್ಲಕ್ಕಿಂತ ಮುಖ್ಯ? ಮೇಲಿನ ಲೆಕ್ಕವನ್ನು ಮಾಡಿದವರು ಇದಕ್ಕೆ ಒಡನೆಯೇ ಉತ್ತರ ಹೇಳಬಲ್ಲರು.