ಸಂಗಮದ ದಡದಲ್ಲಿ ಮೊದಲ ಸಲ ಕಾರು ನಿಲ್ಲಿಸುವವರಿಗೆ

ಬನಶಂಕರಿ ದೇವಸ್ಥಾನದ ಮುಂದಿನ ಕನಕಪುರ ರಸ್ತೆ ಹಿಡಿದು ಹೊರಟರೆ, ನೂರು ಕಿಲೋಮೀಟರಿನೊಳಗೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ ಸಿಗುತ್ತದೆ. ಸುತ್ತ ಕುರುಚಲು ಕಾಡು, ಬಂಡೆ, ಮರಳು, ಬಿಸಿಲು. ಸಿಟಿಯಲ್ಲಿ ಬಿಟ್ಟು ಬೇರೆಲ್ಲೂ ಕಾರು ಓಡಿಸಿಲ್ಲವೇ? ಭಯಪಡಬೇಡಿ, ಒಂದೊಂದೇ ಹೇಳುತ್ತೇನೆ.

1. ಹಿಂದಿನ ದಿನವೇ ಬಂಕಿಗೆ ಹೋಗಿ ಟೈರಿನ ಗಾಳಿ ನೋಡಿಸಿ. ನಾಲ್ಕು ಚಕ್ರಕ್ಕೆ ಹಾಕಿಸಿ ಬಂದುಬಿಡುತ್ತೇವೆ, ಡಿಕ್ಕಿಯಲ್ಲಿರುವ ಸ್ಟೆಪ್ನಿ ನೆನಪೇ ಆಗುವುದಿಲ್ಲ. ಅದಕ್ಕೂ ಹಾಕಿಸಿ. ಜಾಕ್, ವೀಲ್ ಸ್ಪ್ಯಾನರ್ ಇವೆಯೇ ಅಂತ ಮುಟ್ಟಿ ನೋಡಿ.

2. ಮನೆಯ ವೈಫೈಯಲ್ಲೇ ಕನಕಪುರದಿಂದಾಚೆಯ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಕಾಡಿನಲ್ಲಿ ನೆಟ್‌ವರ್ಕ್ ನಂಬಿ ಕೂರಬೇಡಿ.

3. ಬೆಳಿಗ್ಗೆ ಆರಕ್ಕೆ ಹೊರಡಿ.

4. ಕನಕಪುರದಲ್ಲಿ ನಿಲ್ಲಿಸಿ. ತಿಂಡಿ ಮುಗಿಸಿ, ಕುಡಿಯುವ ನೀರು ತುಂಬಿಕೊಳ್ಳಿ. ತಲೆಗೆ ಎರಡು ಲೀಟರಿಗೆ ಕಡಿಮೆ ಬೇಡ.

5. ದೊಡ್ಡಾಲಹಳ್ಳಿ ದಾಟಿದ ಮೇಲೆ ವೇಗ ಇಳಿಸಿ. ಮುಂದೆ ಕಾವೇರಿ ವನ್ಯಜೀವಿ ಧಾಮದ ಸೀಮೆ. ಆನೆ ಕಂಡರೆ ದೂರದಲ್ಲೇ ನಿಲ್ಲಿ. ಹಾರ್ನ್ ಒತ್ತಬೇಡಿ, ಫೋಟೋಗೆಂದು ಕೆಳಗಿಳಿಯಬೇಡಿ.

6. ಕಾರನ್ನು ಗಟ್ಟಿ ನೆಲದ ಮೇಲೆ, ಮೂತಿ ರಸ್ತೆ ಕಡೆಗಿರುವಂತೆ ನಿಲ್ಲಿಸಿ. ಹೊಸಬರು ಜಾರುವುದು ಇಲ್ಲೇ. ನೀರಿನ ಪಕ್ಕದ ಮರಳು ಚೆನ್ನಾಗಿದೆಯಲ್ಲ ಅಂತ ನಾನೂ ಒಮ್ಮೆ ಇಳಿಸಿದ್ದೆ. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಹೂತು, ಕೊನೆಗೆ ಊರವರು ಹಗ್ಗ ಕಟ್ಟಿ ಎಳೆದರು. ಒಣ ಮರಳನ್ನು ನಂಬದಿರಲು ಇನ್ನೊಂದು ಕಾರಣವೂ ಇದೆ. ಆಸ್ಟ್ರೇಲಿಯಾದ ಮರುಭೂಮಿ ಊರು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಟಾಡ್ ಎಂಬ ನದಿಯಿದೆ, ವರ್ಷದ ಬಹುಪಾಲು ಬರೀ ಮರಳು. ಅಲ್ಲಿನವರು ತಳವಿಲ್ಲದ ದೋಣಿಗಳನ್ನು ಹೊತ್ತು ಆ ಮರಳಲ್ಲಿ ಓಡುವ ಸ್ಪರ್ಧೆ ನಡೆಸುತ್ತಾರೆ. 1993ರಲ್ಲಿ ನದಿಗೆ ನೀರು ಬಂದು ಸ್ಪರ್ಧೆಯೇ ರದ್ದಾಯಿತು!

7. ನೀರಿನ ಅಂಚಿಗೆ ಸರಿಯಾಗಿ ಒಂದು ಕಲ್ಲು ಇಡಿ. ಹತ್ತು ನಿಮಿಷಕ್ಕೊಮ್ಮೆ ಅದನ್ನೇ ನೋಡಿ. ಅರ್ಕಾವತಿಗೆ ಮೇಲೆ ಹಾರೋಬೆಲೆ ಅಣೆಕಟ್ಟೆ ಇದೆ. ಇಲ್ಲಿ ಬಿಸಿಲಿದ್ದರೂ ಮೇಲಿನಿಂದ ನೀರು ಬರಬಹುದು. ಕಲ್ಲು ಮುಳುಗಿತೇ, ನೀರು ಕೆಂಪಾಯಿತೇ, ಕಸಕಡ್ಡಿ ತೇಲಿ ಬಂತೇ? ಚಾಪೆ ಮಡಚಬೇಡಿ, ಮಕ್ಕಳನ್ನು ಎತ್ತಿಕೊಂಡು ಮೇಲೆ ಹತ್ತಿ.

8. ನೀರಿಗೆ ಇಳಿಯಬೇಡಿ. ಪಾದ ನೆನೆಸುವ ಆಸೆಯಿದ್ದರೆ ದಡದಲ್ಲಿ ಕೂತು ನೆನೆಸಿ. ಬಂಡೆ ಜಾರುತ್ತದೆ, ಮುಂದಿನ ಹೆಜ್ಜೆಗೆ ಎಷ್ಟು ಆಳ ಅಂತ ಮೇಲಿನಿಂದ ಗೊತ್ತಾಗುವುದಿಲ್ಲ. ಕಾವೇರಿಯಲ್ಲಿ ಮೊಸಳೆಗಳೂ ಇವೆ. ಈಜು ಬರುತ್ತದೆ ಅನ್ನುವ ಭಾವನಿಗೆ ಈ ಮಾತು ಎರಡು ಸಲ ಹೇಳಿ.

9. ಆ ನೀರನ್ನು ಕುಡಿಯಬೇಡಿ, ಅಡುಗೆಗೂ ಬೇಡ. ಕಾರಣ ಮನೆ ಹತ್ತಿರದ್ದೇ. ಬಸವನಗುಡಿಯ ದೊಡ್ಡಬಸವಣ್ಣನ ಗುಡಿ ಹತ್ತಿರ ಹುಟ್ಟುವ ವೃಷಭಾವತಿ ಸಿಟಿಯ ಕೊಳಚೆ ಹೊತ್ತು, ಕೆಂಗೇರಿ, ಬೈರಮಂಗಲ ಹಾದು ಅರ್ಕಾವತಿಗೇ ಸೇರುತ್ತದೆ. ಬನಶಂಕರಿ ಮೂರನೇ ಹಂತದ ಕಡೆ ಬಚ್ಚಲಿಗೆ ಬಿಟ್ಟ ನೀರು ಇದೇ ದಾರಿ ಹಿಡಿಯುತ್ತದೆ. ಜಯನಗರ, ಬಿಟಿಎಂನವರು ನಗಬೇಕಿಲ್ಲ. ನಿಮ್ಮದು ಬೆಳ್ಳಂದೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

10. ಮೇಕೆದಾಟು ನೋಡುವ ಆಸೆಯಿದ್ದರೆ ಮೊದಲು ತೆಪ್ಪದವರನ್ನು ಕೇಳಿ. ಅವರು ಇವತ್ತು ಬೇಡ ಅಂದರೆ ಬೇಡ. ದಾಟಿಸಿದರೆ ಆಚೆ ದಡದಿಂದ ಇನ್ನೂ ಸುಮಾರು ನಾಲ್ಕು ಕಿಲೋಮೀಟರ್ ಹೋಗಬೇಕು. ಅಲ್ಲಿ ಕಂದರದ ಅಂಚಿಗೆ ಹೋಗಿ ಸೆಲ್ಫಿ ತೆಗೆಯಬೇಡಿ.

11. ತಂದ ಪ್ಲಾಸ್ಟಿಕ್ಕನ್ನು ಒಂದೇ ಚೀಲಕ್ಕೆ ಹಾಕಿ ಡಿಕ್ಕಿಗೆ ಸೇರಿಸಿ.

12. ಮೂರೂವರೆಗೆ ಕಾರು ಹತ್ತಿ. ಬೆಳಕಿರುವಾಗಲೇ ಕಾಡು ದಾಟುತ್ತೀರಿ. ಸಾರಕ್ಕಿ ಸಿಗ್ನಲ್‌ಗೆ ಬರುವ ಹೊತ್ತಿಗೆ ಮಾತ್ರ ಸಂಜೆಯ ಟ್ರಾಫಿಕ್ ಕಾದಿರುತ್ತದೆ. ಅದಕ್ಕೆ ನನ್ನ ಹತ್ತಿರ ಉಪಾಯವಿಲ್ಲ.