ಜಿಗಿತದ ಆಟವೊಂದರ ಗುಣದೋಷ ವಿಚಾರ

ಕಾವ್ಯದ ಗುಣದೋಷಗಳನ್ನು ವಿವೇಚಿಸುವುದು ಪಂಡಿತನಾದವನ ವೃತ್ತಿಧರ್ಮ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ತನ್ನ ಮೊದಲನೆಯ ಪರಿಚ್ಛೇದವನ್ನೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲಿಟ್ಟಿದೆ. ಆದರೆ ವಿಡಿಯೋ ಆಟವೊಂದರ ಗುಣದೋಷಗಳನ್ನು ಬರೆದುಕೊಡಬೇಕೆಂದು ಆಡಳಿತ ಮಂಡಲಿಯವರು ಅಪ್ಪಣೆ ಮಾಡಿದಾಗ, ಇದು ನನ್ನ ಶಾಸ್ತ್ರದ ಎಲ್ಲೆಯಾಚೆಯದೆಂದು ಹಿಂಜರಿದೆನು. ಸಂದರ್ಭವಿಷ್ಟೆ: ಹೊರದೇಶದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ತಮ್ಮ ಮಕ್ಕಳು ಆಡಿ ಬಿಟ್ಟಿದ್ದ ‘ವೀ’ ಎಂಬ ಯಂತ್ರವನ್ನೂ ಮೂರು ಆಟದ ಬಿಲ್ಲೆಗಳನ್ನೂ ಪ್ರಸಾದ ನಿಲಯದ ಮಕ್ಕಳಿಗೆಂದು ಪ್ರೀತಿಯಿಂದ ತಂದಿತ್ತರು. ಇಟ್ಟುಕೊಳ್ಳಬೇಕೆ, ಬೇಡವೆ ಎಂಬಲ್ಲಿ ಅಧ್ಯಾಪಕರು ಎರಡು ಪಕ್ಷವಾದರು. ಬೇಡವೆಂಬ ಪಕ್ಷದಲ್ಲಿ ನಾನೂ ಇದ್ದೆನು.

ಕಟ್ಟೆಯಿಂದ ಕಟ್ಟೆಗೆ ನೆಗೆಯುತ್ತ, ಹಳ್ಳಕ್ಕೆ ಬೀಳದೆ ಮುಂದುವರಿಯುವ ಆಟಗಳನ್ನು ಪ್ಲಾಟ್‌ಫಾರ್ಮ್ ಆಟಗಳೆನ್ನುವರು. ಹೆಸರು ಹೊಸದು, ವಸ್ತು ಹೊಸದಲ್ಲ. ಕೊಳ್ಳೇಗಾಲದ ಓಣಿಗಳಲ್ಲಿ, ಹನೂರಿನ ಹಟ್ಟಿಗಳಲ್ಲಿ, ಯಳಂದೂರಿನ ಬೀದಿಗಳಲ್ಲಿ ನೆಲದ ಮೇಲೆ ಗೆರೆ ಎಳೆದು ಮಕ್ಕಳು ಆಡುವ ಕುಂಟೆಬಿಲ್ಲೆಯೂ ಇದೇ ಜಾತಿಯದು. ಅಲ್ಲಿ ಗೆರೆ ತುಳಿದವನು ಸೋತನು. ಒಬ್ಬನು ಗೆದ್ದ ಮನೆಯನ್ನು ಮತ್ತೊಬ್ಬನು ಹಾರಿಯೇ ದಾಟಬೇಕು. ಮೈಯೇ ಅಲ್ಲಿನ ಉಪಕರಣ. ವಿಡಿಯೋ ಆಟಗಳಲ್ಲಿ ಬಹುಕಾಲ ಮೈಗೆ ಕೆಲಸವಿರಲಿಲ್ಲ, ಹೆಬ್ಬೆರಳಿಗೆ ಮಾತ್ರ ಇದ್ದಿತು. ಆಟಗಾರನ ಚಲನೆಯನ್ನೇ ಗ್ರಹಿಸುವ ಯಂತ್ರಗಳು ಬಂದ ಮೇಲೆ ತೋಳು, ಅಂಗೈ, ಮಣಿಕಟ್ಟುಗಳಿಗೂ ಪಾಲು ದೊರೆಯಿತು. ಆದುದರಿಂದ ಇಂತಹ ಆಟವನ್ನು ತೂಗುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಆಟಗಾರನು ಇಲ್ಲಿ ಮಾಡುವ ಕ್ರಿಯೆಗೂ ಪರದೆಯ ಮೇಲೆ ನಡೆಯುವ ಕ್ರಿಯೆಗೂ ಸಂಬಂಧವೇನು?

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಶಾಸ್ತ್ರಕಾರರು ರೂಢಿ, ಯೋಗ, ಯೋಗರೂಢಿ ಎಂದು ವಿಭಾಗಿಸಿದ್ದಾರೆ. ‘ಮರ’ವೆಂಬ ಶಬ್ದವನ್ನು ಬಿಡಿಸಿದರೆ ಮರದ ಅರ್ಥ ಹುಟ್ಟದು, ಅದು ರೂಢಿ. ‘ಪಾಚಕ’ನೆಂದರೆ ಅಡುಗೆ ಮಾಡುವವನು, ಅವಯವಗಳಿಂದಲೇ ಅರ್ಥ ಬರುವುದರಿಂದ ಅದು ಯೋಗ. ‘ಪಂಕಜ’ದಲ್ಲಿ ಎರಡೂ ಉಂಟು: ಕೆಸರಿನಲ್ಲಿ ಹುಟ್ಟಿದುದೆಂಬ ಅವಯವಾರ್ಥವಿದ್ದರೂ ರೂಢಿಯು ಅದನ್ನು ತಾವರೆಗೇ ಕಟ್ಟಿಹಾಕಿದೆ. ಗುಂಡಿಯೊತ್ತಿದರೆ ಪರದೆಯ ವೀರನು ನೆಗೆಯುವುದು ಕೇವಲ ರೂಢಿ. ಬೆರಳಿನ ಒತ್ತಿಗೂ ನೆಗೆತಕ್ಕೂ ಹೋಲಿಕೆಯೇನೂ ಇಲ್ಲ.

ಈ ದೃಷ್ಟಿಯಿಂದ ಬಂದ ಮೂರರಲ್ಲಿ ವಿಚಾರಕ್ಕೆ ಹೆಚ್ಚು ಯೋಗ್ಯವಾದುದು ‘ಡಾಂಕಿ ಕಾಂಗ್ ಜಂಗಲ್ ಬೀಟ್’. ಜಪಾನಿನ ನಿಂಟೆಂಡೊ ಸಂಸ್ಥೆಯವರು 2004ರಲ್ಲಿ ತಮ್ಮ ಗೇಮ್‌ಕ್ಯೂಬ್ ಯಂತ್ರಕ್ಕಾಗಿ ಹೊರತಂದುದು ಇದು. ಇದರಲ್ಲಿ ಕೈಗೆ ಕೊಡುವುದು ಒಂದು ಜೋಡಿ ಡೋಲು. ಬಲದ ಡೋಲನ್ನು ಬಾರಿಸಿದರೆ ಗೊರಿಲ್ಲವು ಬಲಕ್ಕೆ ಓಡುವುದು, ಎಡದ್ದನ್ನು ಬಾರಿಸಿದರೆ ಎಡಕ್ಕೆ. ಎರಡನ್ನೂ ಒಮ್ಮೆಗೇ ಬಾರಿಸಿದರೆ ನೆಗೆಯುವುದು. ಡೋಲುಗಳ ನಡುವಿರುವ ಮೈಕ್ ಚಪ್ಪಾಳೆಯನ್ನು ಕೇಳಿಸಿಕೊಳ್ಳುತ್ತದೆ. ಆಗ ಗೊರಿಲ್ಲವೂ ಚಪ್ಪಾಳೆ ತಟ್ಟಿ ಸುತ್ತಲಿನ ಬಾಳೆಹಣ್ಣುಗಳನ್ನು ಬಾಚಿಕೊಳ್ಳುತ್ತದೆ. ನೆಲಕ್ಕೆ ಕಾಲು ತಾಗಿಸದೆ ಗಾಳಿಯಲ್ಲಿಯೇ ಒಂದರ ಮೇಲೊಂದು ಸಾಹಸ ಮಾಡಿದಷ್ಟೂ ಹಣ್ಣಿನ ಎಣಿಕೆ ಏರುವುದು.

ಬೇಗ ಬಾರಿಸಿದವನಿಗೆ ಬೇಗ ಓಟ. ಆಯಾಸಕ್ಕೆ ಆಯಾಸ, ಲಯಕ್ಕೆ ಲಯ. ಇದು ಯೋಗವಲ್ಲದೆ ಮತ್ತೇನು? ಹನೂರು ಸೀಮೆಯ ಮಕ್ಕಳು ಇದನ್ನು ಉಳಿದವರಿಗಿಂತ ಬೇಗ ಹಿಡಿದುದನ್ನು ಕಂಡು ನನಗೆ ಬೀಸು ಕಂಸಾಳೆ ನೆನಪಾಯಿತು. ಮಲೆ ಮಹದೇಶ್ವರನ ಗುಡ್ಡರು ಎಡಗೈಯ ಬಟ್ಟಲಿಗೆ ಬಲಗೈಯ ತಾಳವನ್ನು ಬೀಸಿ ತಾಗಿಸುವಾಗ ನಾದ ಯಾವುದು, ನೃತ್ಯ ಯಾವುದು ಎಂದು ಬೇರ್ಪಡಿಸಲಾಗದು. ಅದನ್ನು ಕಣ್ತುಂಬ ಕಂಡು ಬೆಳೆದ ಮಕ್ಕಳಿಗೆ, ಬಡಿತವೇ ನಡೆಯಾಗುವ ಆಟವು ಅಪರಿಚಿತವೆನಿಸಲಿಲ್ಲ.

ಕೌತುಕದ ಸಂಗತಿಯೆಂದರೆ, ಇದೇ ಆಟವನ್ನು ಸಂಸ್ಥೆಯವರು 2008ರಲ್ಲಿ ವೀ ಯಂತ್ರಕ್ಕೆ ಅಳವಡಿಸುವಾಗ ಡೋಲನ್ನು ಕೈಬಿಟ್ಟರು. ಓಟಕ್ಕೆ ಒಂದು ಪುಟ್ಟ ಕಡ್ಡಿ, ನೆಗೆತಕ್ಕೆ ಗುಂಡಿ. ಚಪ್ಪಾಳೆಯ ಸ್ಥಾನದಲ್ಲಿ ಕೈಯ ಹಿಡಿಕೆಯನ್ನು ಅಲುಗಿಸುವುದು. ನಮ್ಮಲ್ಲಿ ಎರಡು ಪಾಠಗಳೂ ಇರುವುದರಿಂದ ಪಾಠಾಂತರ ಪರೀಕ್ಷೆಗೆ ಅನುಕೂಲವಾಯಿತು. ಹೊಸ ಪಾಠದಲ್ಲಿ ಹಿಡಿತ ಹೆಚ್ಚು. ಕಟ್ಟೆಯ ಅಂಚಿನಲ್ಲಿ ಒಂದೇ ಹೆಜ್ಜೆ ಸರಿಯಬೇಕಾದಾಗ ಡೋಲು ಒರಟು, ಕಡ್ಡಿ ನಯ. ಅಂಗೈಯೂ ಉರಿಯದು. ಆದರೆ ಕ್ರಿಯೆಯು ಯೋಗದಿಂದ ಜಾರಿ ಮತ್ತೆ ರೂಢಿಗೇ ಬಿದ್ದಿತು. ಪಾಲ್ಕುರಿಕೆ ಸೋಮನಾಥನ ತೆಲುಗು ದ್ವಿಪದಿಯ ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಭಾಮಿನಿ ಷಟ್ಪದಿಗೆ ತಂದಾಗ ಕಥೆ ಅದೇ ಆದರೂ ನಡೆ ಬೇರೆಯಾಯಿತು. ಅಲ್ಲಿ ಹೊಸ ಛಂದಸ್ಸು ತನ್ನದೇ ಸೊಗಸನ್ನು ಕೂಡಿಸಿತು. ಇಲ್ಲಿ ಕಳೆದುದೇ ಹೆಚ್ಚೆಂದು ನನ್ನ ಅಭಿಪ್ರಾಯ.

ಮೂರನೆಯದು 2007ರ ‘ಸೂಪರ್ ಮಾರಿಯೊ ಗ್ಯಾಲಕ್ಸಿ’. ಡೋಲಿನ ಆಟವನ್ನು ರಚಿಸಿದ ತಂಡವೇ ಇದನ್ನೂ ರಚಿಸಿತು. ಹಿಡಿಕೆಯನ್ನು ಅಲುಗಿಸಿದರೆ ಮಾರಿಯೊ ಗಿರ್ರನೆ ತಿರುಗುವನು, ಇದನ್ನು ಯೋಗರೂಢಿಯೆನ್ನಬಹುದು. ಮೊದಲನೆಯವನು ಆಡುತ್ತಿರುವಾಗಲೇ ಎರಡನೆಯವನು ಇನ್ನೊಂದು ಹಿಡಿಕೆಯಿಂದ ಪರದೆಗೆ ಗುರಿಯಿಟ್ಟು ನಕ್ಷತ್ರದ ಚೂರುಗಳನ್ನು ಆಯ್ದು ನೆರವಾಗಬಹುದು. ರಚನೆಯಲ್ಲಿ ಇದು ಅತ್ಯಂತ ಪ್ರೌಢ. ಆದರೆ ಮೈಯ ಪಾಲು ಇದರಲ್ಲಿ ಒಗ್ಗರಣೆಯಷ್ಟು ಮಾತ್ರ.

ಇನ್ನು ದೋಷಗಳು. ಡೋಲಿನ ಆಟ ಒಬ್ಬನಿಗೆ ಮಾತ್ರ. ಒಬ್ಬನು ಬಾರಿಸುವಾಗ ಮೂವತ್ತು ಮಂದಿ ಸುಮ್ಮನೆ ಕುಳಿತಿರಬೇಕು. ಸುಮ್ಮನೆ ಎಂಬುದು ಅಕ್ಷರಶಃ ಸತ್ಯ, ಏಕೆಂದರೆ ಚಪ್ಪಾಳೆ ಯಾರದೆಂದು ಮೈಕಿಗೆ ತಿಳಿಯದು. ಮೆಚ್ಚಿ ತಟ್ಟಿದ ನೋಟಕನ ಚಪ್ಪಾಳೆಯನ್ನೂ ಅದು ಆಟಗಾರನದೆಂದೇ ಭಾವಿಸಬಲ್ಲದು. ಸಹೃದಯನ ಮೆಚ್ಚುಗೆಯೇ ಕೃತಿಗೆ ವಿಘ್ನವಾಗುವ ಇಂತಹ ದೋಷವನ್ನು ಮಮ್ಮಟನೂ ಪಟ್ಟಿಮಾಡಿಲ್ಲ! ಕುಂಟೆಬಿಲ್ಲೆಯಲ್ಲಿಯಾದರೋ ಸುತ್ತ ನಿಂತವರೇ ನ್ಯಾಯಾಧೀಶರು. ಗೆರೆ ತುಳಿದನೆ ಇಲ್ಲವೆ ಎಂಬ ವಾದವೇ ಅರ್ಧ ಆಟ. ಯಂತ್ರದೊಡನೆ ವಾದಿಸಲಾಗದು, ಅದರ ತೀರ್ಪಿಗೆ ಮೇಲ್ಮನವಿಯೂ ಇಲ್ಲ.

ಇಷ್ಟನ್ನು ಬರೆದು, ‘ಸ್ವೀಕಾರಯೋಗ್ಯವಲ್ಲ’ ಎಂದು ಮುಗಿಸುವವನಿದ್ದೆನು. ಪ್ರಸಾದ ನಿಲಯದಲ್ಲಿ ಎಳವೆಯಿಂದಲೇ ಬಲಗಾಲು ಸೊರಗಿದ ಹುಡುಗನೊಬ್ಬನಿದ್ದಾನೆ. ಹೊಂಗೆಯ ಮರದಡಿಯ ಕುಂಟೆಬಿಲ್ಲೆಯಲ್ಲಿ ಅವನು ಎಂದೂ ಗೆರೆ ಕಾಯುವವನು. ಆಟವನ್ನು ಅವನಷ್ಟು ಬಲ್ಲವರಿಲ್ಲ, ಆದರೆ ಒಂದು ದಿನವೂ ಆಡಿದವನಲ್ಲ. ಒಂದು ಸಂಜೆ ಡೋಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತವನು, ಗೊರಿಲ್ಲವನ್ನು ಬಹುಹೊತ್ತು ನೆಲಕ್ಕಿಳಿಸಲೇ ಇಲ್ಲ. ಹುಡುಗರು ಚಪ್ಪಾಳೆ ತಟ್ಟುವಂತಿಲ್ಲದೆ ಬಾಯಿಗೆ ಕೈಯೊತ್ತಿ ಕುಳಿತಿದ್ದರು. ನಾನು ಕುಂಟೆಬಿಲ್ಲೆಯ ಗುಣಗಳನ್ನು ಎಣಿಸುವಾಗ, ಒಂಟಿಕಾಲಲ್ಲಿ ನಿಲ್ಲಲಾರದವನನ್ನು ಅದು ಅಂಗಳದ ಹೊರಗಿಡುವುದೆಂಬುದನ್ನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ದೋಷವೆಂದು ಎಣಿಸಿರಲಿಲ್ಲ.

ನನ್ನ ಅಭಿಪ್ರಾಯವನ್ನು ತಿದ್ದಿ ಬರೆದುಕೊಟ್ಟಿದ್ದೇನೆ: ಯಂತ್ರವಿರಲಿ; ಡೋಲಿನ ಆಟವೇ ಮೊದಲಿರಲಿ; ಭಾನುವಾರ ಸಂಜೆ ಪ್ರಾರ್ಥನೆಗೆ ಮುನ್ನ ಒಂದು ಗಂಟೆ ಸಾಕು. ಗೇಮ್‌ಕ್ಯೂಬ್, ವೀ ಎರಡರ ತಯಾರಿಕೆಯೂ ನಿಂತು ವರ್ಷಗಳಾದವು. ಈ ಡೋಲು ಕೆಟ್ಟರೆ ಹೊಸದು ಸುಲಭವಾಗಿ ದೊರೆಯದು. ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಮನೆಯಲ್ಲಾದರೂ ಇಂತಹ ಇನ್ನೊಂದು ಜೋಡಿ ಅಟ್ಟದ ಮೇಲೆ ಬಿದ್ದಿದ್ದರೆ, ದಯವಿಟ್ಟು ಶಾಲೆಗೆ ತಿಳಿಸಬೇಕಾಗಿ ವಿನಂತಿ.