ಸೋಮವಾರಕ್ಕೆ ಎಷ್ಟು ನೀರು?

ಮನಸ್ಸು ಹಗುರಾಗಲು ದಿನಚರಿ ಬದಲಿಸಿ ಎನ್ನುವ ಸಲಹೆಗಳೆಲ್ಲ ಬೆಳಗಿನ ಐದಕ್ಕೆ ಶುರುವಾಗುತ್ತವೆ. ಬಿಸಿನೀರು, ಪ್ರಾಣಾಯಾಮ, ನಡಿಗೆ, ಡೈರಿ. ಬರೆಯುವವರು ದಿನಾ ಒಂದೇ ಊರಲ್ಲಿ ಏಳುವವರಿರಬೇಕು. ನನ್ನ ಮನೆ ರಾಯಚೂರಿನಲ್ಲಿ, ನೌಕರಿ ದೇವದುರ್ಗ ತಾಲೂಕಿನ ಹೈಸ್ಕೂಲೊಂದರಲ್ಲಿ, ವಯಸ್ಸಾದ ಅಪ್ಪ-ಅವ್ವ ಮಾನ್ವಿ ಹತ್ತಿರದ ಹಳ್ಳಿಯಲ್ಲಿ. ಕಲ್ಮಲಾ, ಗಬ್ಬೂರು ದಾಟಿ ದೇವದುರ್ಗ ಮುಟ್ಟಲು 50 ಕಿ.ಮೀ.ಗೂ ಹೆಚ್ಚು ಹಾದಿ. ಅವ್ವನಿಗೆ ಆರಾಮಿಲ್ಲ ಎಂದು ಫೋನ್ ಬಂದರೆ ಶಾಲೆ ಬಿಟ್ಟವಳೇ ಸಿರವಾರದ ಮೇಲೆ ಮಾನ್ವಿ ಕಡೆ, ರಾತ್ರಿ ಅಲ್ಲೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಖರ್ಚು ಉಳಿಯಿತು, ಹೊತ್ತು ಉಳಿಯಲಿಲ್ಲ.

ಆಮೇಲೆ ಎದೆ ಡವಗುಟ್ಟತೊಡಗಿತು. ನಸುಕಿನ ಮೂರಕ್ಕೆ ಎಚ್ಚರ. ರಾತ್ರಿ ಹತ್ತಕ್ಕೆ ಶಾಲೆಯ ಗ್ರೂಪಿನಲ್ಲಿ ಬಂದ ‘ತುರ್ತು, ನಾಳೆ ಹನ್ನೊಂದರೊಳಗೆ’ ಎಂಬ ಮೆಸೇಜು ಕಣ್ಣಮುಂದೆಯೇ ನಿಂತಿರುತ್ತಿತ್ತು. ಇಸಿಜಿ ಸರಿ, ಥೈರಾಯ್ಡ್ ಸರಿ. “ಹಾರ್ಟ್ ಚಲೋ ಐತ್ರಿ ಟೀಚರ್, ನಿದ್ದಿ ಕೆಟ್ಟೈತಿ. ಮನೋವೈದ್ಯರಿಗೆ ತೋರಸ್ರಿ” ಅಂದರು ಡಾಕ್ಟರು. ತೋರಿಸಿದೆ. ಅತ್ತೆಯವರು ಎರಡು ದಿನ ಮಾತು ಬಿಟ್ಟರು, ಅದಿರಲಿ. ಮನಸ್ಸಿನ ವೈದ್ಯ ನಮ್ಮ ಬಿಸಿಲುಸೀಮೆಗೆ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲೂಕು ಆಸ್ಪತ್ರೆಗಳ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗಳು ಬಂದು ಕೂಡ ಹತ್ತು ವರ್ಷದ ಮೇಲಾಯಿತು.

ನನಗೆ ಮನೋವೈದ್ಯರು ಕೆಲ ತಿಂಗಳಿಗೆ ಸಣ್ಣ ಪ್ರಮಾಣದ ಗುಳಿಗೆ ಕೊಟ್ಟರು. ಜೊತೆಗೆ ಆಪ್ತಸಮಾಲೋಚಕಿ ಒಂದು ಕೆಲಸ ಹೇಳಿದರು: ಒಂದು ವಾರ ಯಾವ ಹೊತ್ತಿನಲ್ಲಿ ಏನು ಮಾಡುತ್ತೀರಿ, ಮೈ ಹೇಗಿತ್ತು, ಎರಡನ್ನೂ ಬರೆಯಿರಿ. ಏನನ್ನೂ ತಿದ್ದಬೇಡಿ. ರೂಲು ಪುಸ್ತಕದಲ್ಲಿ ಏಳು ಅಂಕಣ ಹಾಕಿ ಬರೆದೆ. ಸೋಮವಾರದ ಅಂಕಣ ಕಾಗದದಂಚಿಗೆ ಹರಿದಿತ್ತು: ವಾರದ ತರಕಾರಿ, ಬಿಸಿಯೂಟದ ಲೆಕ್ಕ, ಮಕ್ಕಳ ದಾಖಲೆಯ ಸ್ಯಾಟ್ಸ್ ಎಂಟ್ರಿ, ಟೆಸ್ಟ್ ಪೇಪರು, ಮಗನ ಟ್ಯೂಷನ್ ಫೀಸು. ಭಾನುವಾರ ಖಾಲಿ. ಖಾಲಿ ಎಂದರೆ ಕೂಲರ್ ಮುಂದೆ ಮಲಗಿ ಫೋನ್ ತಿಕ್ಕಿದ್ದು, ಸಂಜೆಯಾಗುತ್ತಲೇ ಸೋಮವಾರದ ಭಯ.

ಆ ಪುಸ್ತಕ ಮಾನ್ವಿ ಕಡೆಯ ಮನೆಯಲ್ಲಿ ಅಪ್ಪನ ಕೈಗೆ ಸಿಕ್ಕಿತು. ಕನ್ನಡಕ ಏರಿಸಿ ನೋಡಿ ಅವರು ಅಂದದ್ದು: “ಇದು ನಮ್ಮ ಕಾಲುವಿ ಕಥಿ ಆತಲ್ಲವ್ವಾ.”

ಅಪ್ಪನ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಮುನಿರಾಬಾದಿನಿಂದ 227 ಕಿ.ಮೀ. ಹರಿಯಬೇಕಾದ ಕಾಲುವೆ ಅದು. ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳಿಗೇ ಹೆಚ್ಚಾಗಿ ಲೆಕ್ಕ ಹಾಕಿ ಯೋಜಿಸಿದ್ದು. ಮೇಲ್ಭಾಗದಲ್ಲಿ ಹೆಚ್ಚು ನೀರು ಬೇಡುವ ಭತ್ತ ಹಬ್ಬಿತು, ಕೊನೆಗೆ ನೀರು ಮುಟ್ಟದಾಯಿತು. ಮಾನ್ವಿ, ರಾಯಚೂರಿನ ರೈತರು ‘104 ಮೈಲಿನಾಗ ಗೇಜ್ ಎಷ್ಟೈತಿ’ ಎಂದು ನೀರಿನ ಮಟ್ಟ ಕೇಳುತ್ತ ಫೋನ್ ಹಿಡಿದು ಕೂರುವಂತಾಯಿತು. ನಾನೂ ಸೋಮವಾರದಲ್ಲೇ ಭತ್ತ ಹಚ್ಚಿದ್ದೆ, ಶುಕ್ರವಾರದ ಹೊತ್ತಿಗೆ ಕೆಸರೂ ಉಳಿದಿರಲಿಲ್ಲ. ಕಾಲುವೆಯವರು ಇದಕ್ಕೆ ಕಂಡುಕೊಂಡ ಉಪಾಯ ವಾರಬಂದಿ. ಯಾವ ಹೊಲಕ್ಕೆ ಯಾವ ದಿನ, ಎಷ್ಟು ತಾಸು ಎಂದು ವಾರದ ಸರದಿ ಕಟ್ಟುವುದು. “ದಿನಾ ಎಲ್ಲಾರಿಗೂ ನೀರು ಅಂದ್ರ ಯಾರಿಗೂ ಸಿಗಂಗಿಲ್ಲ” ಎಂದು ಅಪ್ಪ ಪುಸ್ತಕ ಮುಚ್ಚಿದರು.

ದಿನದ ವೇಳಾಪಟ್ಟಿಯ ಹಟ ಬಿಟ್ಟು ವಾರದ ಸರದಿ ಹಾಕಲು ಕೂತದ್ದು ಆಮೇಲೆ. ಮೊದಲ ಕೆಲಸ ಸೋಮವಾರವನ್ನು ಒಣಗಿಸುವುದು. ತರಕಾರಿ ಶನಿವಾರಕ್ಕೆ ಹೋಯಿತು. ಬೆಳಗಿನ ಶಾಲೆ, ಮಧ್ಯಾಹ್ನ ಬಿಡುವು. ಎಂಟ್ರಿ ಕೆಲಸಗಳನ್ನು ಮುಖ್ಯಗುರುಗಳ ಜೊತೆ ಮಾತಾಡಿ ಮಂಗಳವಾರ, ಶುಕ್ರವಾರಕ್ಕೆ ಹಂಚಿಕೊಂಡೆ. ರಾತ್ರಿ ಎಂಟರ ಮೇಲೆ ಗ್ರೂಪ್ ನೋಡುವುದಿಲ್ಲ, ನಿಜಕ್ಕೂ ತುರ್ತಾದರೆ ಕರೆ ಮಾಡಿ ಎಂದೆ. ಕರೆ ಬಂದದ್ದು ತೀರಾ ಅಪರೂಪ, ‘ತುರ್ತು’ ಎಷ್ಟು ತುರ್ತೆಂದು ಆಗ ತಿಳಿಯಿತು.

ನಡಿಗೆಗೂ ಇದೇ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ದಿನಾ ಇಷ್ಟೇ ಎಂಬ ಕಟ್ಟಿಲ್ಲ. ಇದನ್ನು ಓದಿದ ದಿನ ನನಗಾದ ನಿರಾಳ ಯಾವ ಗುಳಿಗೆಯಿಂದಲೂ ಆಗಿರಲಿಲ್ಲ. ಬಸ್ಸಿನ ದಿನ ನಡೆಯುವುದಿಲ್ಲ, ಮುಗಿಯಿತು. ರಾಯಚೂರಿನಲ್ಲಿರುವ ಬೆಳಗುಗಳಲ್ಲಿ ಕೋಟೆ ಕಡೆ ಹೋಗುತ್ತೇನೆ. 1294ರ ಶಾಸನವಿರುವ ನಲವತ್ತು ಅಡಿಗೂ ಉದ್ದದ ಕಲ್ಲು ಅಲ್ಲಿದೆ; ಅಂಥ ಬಂಡೆಯನ್ನು ಬಂಡಿಗೆ ಹೇರಿ ಕೋಣಗಳ ಸಾಲು ಎಳೆಯುವ ಚಿತ್ರ ಕೆತ್ತಿದ್ದಾರೆ. ಊರಿಗೆ ಹೋದಾಗ ಅವ್ವನ ಜೊತೆ ಕಾಲುವೆ ದಂಡೆ. ಅವಳದು ನಿಧಾನ, ಮಾತು ಮಾತ್ರ ಜೋರು.

ಚಿಂತೆಗೂ ಸರದಿ ಕೊಟ್ಟೆ. ಇದು ಸಮಾಲೋಚಕಿ ಕಲಿಸಿದ್ದು. ಕಾಡಿದ್ದನ್ನು ಆಗಲೇ ಒಂದು ಸಾಲು ಗೀಚಿಡುವುದು, ಬುಧವಾರ ಮತ್ತು ಶನಿವಾರ ಸಂಜೆ ಅರ್ಧ ತಾಸು ಕೂತು ತೆಗೆದು ನೋಡುವುದು. ಸೋಮವಾರ ಬರೆದ ಚಿಂತೆಯಲ್ಲಿ ಅರ್ಧಕ್ಕರ್ಧ ಬುಧವಾರಕ್ಕೆ ಓದಲೂ ಬೇಜಾರು. ಉಳಿದವಕ್ಕೆ ಏನಾದರೂ ಮಾಡಬೇಕಿರುತ್ತಿತ್ತು. ಒಂದು ಫೋನು, ಒಂದು ಅರ್ಜಿ.

ಹೆಚ್ಚು ಜಗಳ ನಡೆದದ್ದು ಗುರುವಾರಕ್ಕೆ. ಅಕ್ಕಪಕ್ಕದವರು ಮಂತ್ರಾಲಯಕ್ಕೆ ಹೊರಡುವ ದಿನ. ನಾನು ಆ ಸಂಜೆಗೆ ಏನೂ ಇಟ್ಟುಕೊಳ್ಳಲಿಲ್ಲ. ಅಡುಗೆಯೂ ಇಲ್ಲ. ಮನೆಯವರು ಖಡಕ್ ರೊಟ್ಟಿ ಕೊಂಡು ತರುತ್ತಾರೆ, ಮನೆಯಲ್ಲಿ ಶೇಂಗಾ ಚಟ್ನಿ ಇದ್ದೇ ಇರುತ್ತದೆ. “ಮನ್ಯಾಗ ಹೆಣಮಕ್ಕಳಿದ್ದೂ ಅಂಗಡಿ ರೊಟ್ಟಿ!” ಎಂದ ಅತ್ತೆಯವರೇ ಈಗ ಬುಧವಾರ ರಾತ್ರಿ “ನಾಳಿ ಸಜ್ಜಿ ರೊಟ್ಟಿ ತರಾಕ ಹೇಳವಾ” ಅನ್ನುತ್ತಾರೆ.

ಸರದಿ ವರ್ಷವಿಡೀ ಒಂದೇ ಅಲ್ಲ. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ನಾನೂ ಬೇಸಿಗೆಯದೊಂದು ಪಟ್ಟಿ ಬೇರೆ ಇಟ್ಟುಕೊಂಡಿದ್ದೇನೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ತಿಂಗಳು ಯಾವ ಪಟ್ಟಿಯೂ ನಿಲ್ಲುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗಲೂ ಹಾಗೇ ಆಯಿತು. ಅಪ್ಪ ನಿದ್ದೆ ಮಾಡಲಿಲ್ಲ, ನಾನೂ ಮಾಡಲಿಲ್ಲ, ಪುಸ್ತಕ ತೆರೆಯಲೇ ಇಲ್ಲ. ಆ ವಾರ ಉಳಿದದ್ದು ಗುರುವಾರದ ರೊಟ್ಟಿಯೊಂದೇ. ಮುಂದಿನ ವಾರ ಅದರಿಂದಲೇ ಮತ್ತೆ ಕಟ್ಟಿದೆ. ನಸುಕಿನಲ್ಲಿ ತೀರಾ ತಡೆಯದಾದಾಗ ಟೆಲಿ-ಮನಸ್‌ನ 14416ಕ್ಕೆ ಕರೆ ಮಾಡಿದ್ದೂ ಉಂಟು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸೇವೆ, ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಗುಳಿಗೆಯನ್ನು ವೈದ್ಯರೇ ಇಳಿಸುತ್ತ ಬಂದರು, ನಾನಾಗಿ ನಿಲ್ಲಿಸಲಿಲ್ಲ.

ಮೊನ್ನೆ ಜೊತೆಯ ಟೀಚರೊಬ್ಬರು, “ಅಕ್ಕಾರ, ನಿಮ್ಮ ಪಟ್ಟಿ ಫೋಟೋ ಹೊಡಕೊಳ್ಳಲೇನ್ರಿ?” ಎಂದರು. ಕೊಡಲಿಲ್ಲ. ಅವರಿಗೆ ಎರಡು ಸಣ್ಣ ಕೂಸು, ಗಂಡನಿಗೆ ರಾತ್ರಿ ಪಾಳಿ. ಸ್ಟಾಫ್ ರೂಮಿನಲ್ಲೇ ಖಾಲಿ ಹಾಳೆ ತೆಗೆದು ಏಳು ಗೆರೆ ಎಳೆದು, ಭಾರದ ದಿನ ಯಾವುದು ಎಂದು ಕೇಳಿದೆ. ಸೋಮವಾರ ಎನ್ನುತ್ತಾರೆ ಅಂದುಕೊಂಡಿದ್ದೆ. “ಶನಿವಾರ್ರೀ. ಮಧ್ಯಾಹ್ನ ಎಲ್ಲಾರೂ ಮನ್ಯಾಗ ಇರ್ತಾರ” ಎಂದರು.